ಹೆಸರು ಸುಂಟರಗಾಳಿ, ಬಂದದ್ದು ಆಮೆ ಥರ: ವೆಸ್ಟ್‌ಲ್ಯಾಂಡ್ ವರ್ಲ್‌ವಿಂಡ್ ಯಾಕೆ ತಡವಾಯಿತು?

ಗಾಳಿಗೋಪುರ

ಹೋದ ವಾರ ಬ್ರಿಟಿಷರ ಒಂಟಿ ಎಂಜಿನ್ನಿನ ಫೈಟರ್ ಸ್ಪಿಟ್‌ಫೈರ್ ಬಗ್ಗೆ ಹರಟುವಾಗ ಒಬ್ಬರು ಕೇಳಿದ್ದರು, 1940ರಲ್ಲಿ ಬ್ರಿಟಿಷರ ಹತ್ತಿರ ಎರಡು ಎಂಜಿನ್ನಿನ ಗಟ್ಟಿ ಫೈಟರ್ ಒಂದೂ ಇರಲಿಲ್ವಾ ಅಂತ. ಇತ್ತು. ವೆಸ್ಟ್‌ಲ್ಯಾಂಡ್ ವರ್ಲ್‌ವಿಂಡ್. ಮೂಗಿನಲ್ಲಿ ನಾಲ್ಕು ಕ್ಯಾನನ್ (ಸಿಡಿಯುವ ಗುಂಡು ಹಾರಿಸುವ ದೊಡ್ಡ ಗನ್), ಸ್ಪಿಟ್‌ಫೈರ್‌ಗೆ ಹೆಚ್ಚು ಕಡಿಮೆ ಸಮನಾದ ವೇಗ. ಆದರೆ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದ ತಿಂಗಳುಗಳಲ್ಲಿ ಅದು ಸ್ಕಾಟ್ಲೆಂಡ್‌ನಲ್ಲಿ ಕೂತಿತ್ತು. ಯಾಕೆ ಅಂತ ನನಗೆ ತಿಳಿದಷ್ಟು ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ.

ಕಥೆ ಶುರುವಾಗುವುದು 1935ರಲ್ಲಿ. ವಿಮಾನಗಳ ಮೈ ಬಟ್ಟೆಯಿಂದ ಲೋಹಕ್ಕೆ ಬದಲಾಗುತ್ತಿದ್ದ ಕಾಲ. ರೈಫಲ್ ಗುಂಡು ಹಾರಿಸುವ ಮೆಷಿನ್ ಗನ್ ಇನ್ನು ಸಾಲದು ಅಂತ ಬ್ರಿಟನ್ನಿನ ವಾಯು ಸಚಿವಾಲಯಕ್ಕೆ ಅನ್ನಿಸಿತು. ಎಫ್.37/35 ಅನ್ನೋ ಬೇಡಿಕೆ ಹೊರಬಿತ್ತು: ಒಬ್ಬ ಪೈಲಟ್, ನಾಲ್ಕು 20 ಮಿಮೀ ಕ್ಯಾನನ್, ಹಗಲಿಗೂ ಆಗಬೇಕು ರಾತ್ರಿಗೂ ಆಗಬೇಕು. ಕ್ಯಾನನ್ ಗುಂಡು ಒಳಗೆ ಹೊಕ್ಕು ಸಿಡಿಯುತ್ತದೆ. ನಾಲ್ಕಾರು ತಗುಲಿದರೆ ಬಾಂಬರ್ ಕಥೆ ಮುಗಿದ ಹಾಗೆ. ಆದರೆ ಆ ಗನ್ ಭಾರ. ಆಗಿನ ಒಂದು ಎಂಜಿನ್ ಅಷ್ಟನ್ನು ಹೊತ್ತು ವೇಗವಾಗಿ ಹೋಗುವುದು ಕಷ್ಟ ಅಂತ ಲೆಕ್ಕ ಹಾಕಿದರು.

ಸಾಮರ್‌ಸೆಟ್‌ನ ಯೋವಿಲ್ ಊರಿನ ವೆಸ್ಟ್‌ಲ್ಯಾಂಡ್ ಕಂಪನಿಯಲ್ಲಿ ಟೆಡ್ಡಿ ಪೆಟರ್ ಅನ್ನೋ ಎಳೆ ವಯಸ್ಸಿನ ವಿನ್ಯಾಸಕ ಇದಕ್ಕೆ ಎರಡು ಎಂಜಿನ್ ಹಾಕಿದ. ರೋಲ್ಸ್ ರಾಯ್ಸ್‌ನ ಪೆರಿಗ್ರಿನ್, ಒಂದೊಂದು 885 ಅಶ್ವಶಕ್ತಿ. ಮೈ ಎಷ್ಟು ಸಣಕಲು ಅಂದರೆ ಎದುರಿನಿಂದ ನೋಡಿದರೆ ಎರಡು ಎಂಜಿನ್ನಿನ ನಡುವೆ ಒಂದು ಕೊಳವೆ ಸಿಕ್ಕಿಸಿದ ಹಾಗೆ ಕಾಣುತ್ತದೆ. 1938ರ ಅಕ್ಟೋಬರ್ 11ರಂದು ಕಂಪನಿಯ ಟೆಸ್ಟ್ ಪೈಲಟ್ ಹೆರಾಲ್ಡ್ ಪೆನ್‌ರೋಸ್ ಮೊದಲ ಸಲ ಹಾರಿಸಿದರು. 1939ರ ಜನವರಿಯಲ್ಲಿ 200 ವಿಮಾನಗಳಿಗೆ ಆರ್ಡರ್ ಬಂತು.

ಇಲ್ಲಿವರೆಗೆ ಚೆನ್ನಾಗಿದೆ ಅಲ್ವಾ? ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಯಿತು. ವರ್ಲ್‌ವಿಂಡ್ ಒಂದೂ ಇಲ್ಲ. ಮೊದಲ ಪೆರಿಗ್ರಿನ್‌ಗಳು ವೆಸ್ಟ್‌ಲ್ಯಾಂಡ್ ಬಾಗಿಲಿಗೆ ಬಂದದ್ದೇ 1940ರ ಆರಂಭದಲ್ಲಿ. 263ನೇ ಸ್ಕ್ವಾಡ್ರನ್‌ಗೆ ಮೊದಲ ವಿಮಾನ ಸಿಕ್ಕಿದ್ದು ಆ ಜುಲೈನಲ್ಲಿ, ಸ್ಕಾಟ್ಲೆಂಡ್‌ನಲ್ಲಿ. ಪೂರ್ತಿ ಸಿದ್ಧವಾಗಿ ದಕ್ಷಿಣದ ಎಕ್ಸೆಟರ್‌ನಿಂದ ಕೆಲಸ ಶುರು ಮಾಡುವ ಹೊತ್ತಿಗೆ ಡಿಸೆಂಬರ್. ಬ್ರಿಟನ್ ಆಕಾಶದಲ್ಲಿ ಜರ್ಮನ್ ವಿಮಾನಗಳ ಜೊತೆ ನಡೆದ ಕಾಳಗ, ಬ್ಯಾಟಲ್ ಆಫ್ ಬ್ರಿಟನ್, ಮುಗಿದೇ ಹೋಗಿತ್ತು. ಮದುವೆ ಮುಗಿದ ಮೇಲೆ ವಾಲಗದವರು ಬಂದ ಹಾಗೆ.

ನನ್ನ ಪ್ರಕಾರ ತಪ್ಪು ವಿಮಾನದ್ದಲ್ಲ, ಎಂಜಿನ್ನಿನದು. ನೀವೇನಂತೀರಿ?

ಚಂದ್ರು ಚಿಕ್ಕಬಾಣಾವರ

ವರ್ಲ್‌ವಿಂಡ್ ಅಂದರೆ ಸುಂಟರಗಾಳಿ! ಹೆಸರಿಟ್ಟವರಿಗೆ ದೃಷ್ಟಿ ತಾಗಿರಬೇಕು.

ಮಲೆನಾಡ ಹಕ್ಕಿ

ವಿಮಾನದ ಬಗ್ಗೆ ನನಗೆ ಅಷ್ಟಾಗಿ ಗೊತ್ತಿಲ್ಲ, ಹಕ್ಕಿಗಳ ಬಗ್ಗೆ ಗೊತ್ತು. ಪೆರಿಗ್ರಿನ್ ಅಂದರೆ ಡೇಗೆಯ ಜಾತಿ. ಸ್ಪಿಟ್‌ಫೈರ್‌ನ ಎಂಜಿನ್ ಹೆಸರು ಮರ್ಲಿನ್, ಅದೂ ಸಣ್ಣ ಡೇಗೆಯೇ. ರೋಲ್ಸ್ ರಾಯ್ಸ್‌ನವರು ಬೇಟೆ ಹಕ್ಕಿಗಳ ಹೆಸರು ಇಡುತ್ತಿದ್ದರಾ? ಮತ್ತೆ ಒಂದು ಪ್ರಶ್ನೆ. ಸ್ಪಿಟ್‌ಫೈರ್‌ಗೆ ಬೇಕಾದಷ್ಟು ಎಂಜಿನ್ ಮಾಡಿದ ಅದೇ ಕಂಪನಿಗೆ ಇದಕ್ಕೆ ಮಾತ್ರ ಯಾಕೆ ಮಾಡಲಾಗಲಿಲ್ಲ?

ಗಾಳಿಗೋಪುರ

ಹೌದು ಮೇಡಂ, ಎಲ್ಲ ಬೇಟೆ ಹಕ್ಕಿಗಳೇ. ಕೆಸ್ಟ್ರೆಲ್, ಪೆರಿಗ್ರಿನ್, ಮರ್ಲಿನ್, ವಲ್ಚರ್. ಅಣ್ಣ ತಮ್ಮಂದಿರ ಜಗಳವೇ ಇಲ್ಲಿರುವುದು.

ಕೆಸ್ಟ್ರೆಲ್ ಹಳೆಯದು, 21 ಲೀಟರ್. ಅದನ್ನೇ ತಿದ್ದಿ ತೀಡಿ ಪೆರಿಗ್ರಿನ್ ಮಾಡಿದರು. ಮರ್ಲಿನ್ 27 ಲೀಟರ್, ಹೊಸದು, ಶುರುವಿನಲ್ಲೇ ಸಾವಿರ ಅಶ್ವಶಕ್ತಿ ದಾಟಿತ್ತು, ಇನ್ನೂ ಬೆಳೆಯುವ ಎಂಜಿನ್. ವಲ್ಚರ್ ಅಂದರೆ ರಣಹದ್ದು. ಕೆಸ್ಟ್ರೆಲ್, ಪೆರಿಗ್ರಿನ್ ಗಾತ್ರದ ಎರಡು ಎಂಜಿನ್‌ಗಳನ್ನು ಒಂದರ ಬುಡಕ್ಕೆ ಒಂದು ಜೋಡಿಸಿದ 24 ಸಿಲಿಂಡರ್‌ನ ದೈತ್ಯ. ಮ್ಯಾಂಚೆಸ್ಟರ್ ಬಾಂಬರ್‌ಗೆ ಅದನ್ನು ಹಾಕಿ ಎಲ್ಲರೂ ಪಾಡು ಪಟ್ಟರು. ಕಡೆಗೆ ಅದನ್ನು ಕಿತ್ತು ನಾಲ್ಕು ಮರ್ಲಿನ್ ಹಾಕಿದ ಮೇಲೆ ಅದೇ ಲ್ಯಾಂಕಾಸ್ಟರ್ ಆಯಿತು.

ಕಂಪನಿಯಲ್ಲಿ ಇದ್ದ ಎಂಜಿನಿಯರ್‌ಗಳು ಇಷ್ಟೇ ಜನ. ಮರ್ಲಿನ್ ಸ್ಪಿಟ್‌ಫೈರ್‌ಗೆ ಬೇಕು, ಇನ್ನೊಂದು ಫೈಟರ್ ಹರಿಕೇನ್‌ಗೆ ಬೇಕು, ಬಾಂಬರ್‌ಗಳಿಗೆ ಬೇಕು. ಪೆರಿಗ್ರಿನ್ ಯಾರಿಗೆ ಬೇಕು? ಉತ್ಪಾದನೆಗೆ ಹೋದ ವಿಮಾನಗಳಲ್ಲಿ ಅದನ್ನು ಬಳಸಿದ್ದು ವರ್ಲ್‌ವಿಂಡ್ ಒಂದೇ. ಒಟ್ಟು 300ರ ಆಸುಪಾಸು ಎಂಜಿನ್ ಮಾಡಿ ಬಾಗಿಲು ಹಾಕಿದರು. ಎಂಜಿನ್ ನಿಂತಿತು, ವಿಮಾನವೂ ನಿಂತಿತು. 200ರ ಮೇಲೆ ಇನ್ನೊಂದು 200 ಅಂತ ಆರ್ಡರ್ ಇದ್ದದ್ದು 120ನ್ನೂ ಮುಟ್ಟಲಿಲ್ಲ.

ಇನ್ನೊಂದು ವಿಷಯ. 1940ರ ಮೇನಲ್ಲಿ ಬೀವರ್‌ಬ್ರೂಕ್ ವಿಮಾನ ಉತ್ಪಾದನೆಯ ಮಂತ್ರಿಯಾದರು. ಬಂದವರೇ ಐದು ವಿಮಾನಗಳಿಗೆ ಮಾತ್ರ ಮೊದಲ ಆದ್ಯತೆ ಅಂದರು: ಸ್ಪಿಟ್‌ಫೈರ್, ಹರಿಕೇನ್, ವೆಲಿಂಗ್‌ಟನ್, ವಿಟ್ಲಿ, ಬ್ಲೆನ್‌ಹೈಮ್. ವರ್ಲ್‌ವಿಂಡ್ ಆ ಪಟ್ಟಿಯಲ್ಲಿ ಇರಲಿಲ್ಲ. ಆ ದಿನಗಳಲ್ಲಿ ಪಟ್ಟಿಯಿಂದ ಹೊರಗೆ ಅಂದರೆ ಸಾಲಿನ ಕೊನೆಗೆ ಹೋಗಿ ನಿಂತ ಹಾಗೆ.

ಪಂಪ್‌ಸೆಟ್ ಪಾಟೀಲ

ಇದು ನಮ್ಮ ಹೊಲದ ಕಥೆಯೇ ಆಯಿತು. ಒಂದು ಸಲ ಯಾರೂ ಇಟ್ಟುಕೊಳ್ಳದ ಒಂದು ಮೇಕಿನ ಡೀಸೆಲ್ ಎಂಜಿನ್ ತಂದೆವು. ಅಗ್ಗಕ್ಕೆ ಸಿಕ್ಕಿತು, ನೀರೂ ಚೆನ್ನಾಗಿ ಎತ್ತುತ್ತಿತ್ತು. ಒಂದು ನಾಝಲ್ ಕೆಟ್ಟಿತು ನೋಡಿ, ಜಿಲ್ಲೆಯಲ್ಲೆಲ್ಲೂ ಸಿಗಲಿಲ್ಲ. ಪಕ್ಕದ ಹೊಲದವನ ಎಂಜಿನ್ ಓಬೀರಾಯನ ಕಾಲದ್ದು, ಆದರೆ ಅದರ ಸಾಮಾನು ಸೈಕಲ್ ಅಂಗಡಿಯಲ್ಲೂ ಸಿಗುತ್ತಿತ್ತು. ಆ ಬೇಸಿಗೆ ನಮ್ಮ ಮೆಣಸಿನಗಿಡ ಒಣಗಿತು, ಅವನದು ಉಳಿಯಿತು.

ಇಂಧನಟ್ಯಾಂಕ್

ಗಾಳಿಗೋಪುರ ಅವರು ಪಾಪ ಪೆಟರ್‌ನನ್ನು ಸುಲಭವಾಗಿ ಬಿಟ್ಟುಬಿಟ್ಟರು. ನಾನು ಬಿಡಲ್ಲ. ಎಂಜಿನ್ ತಡವಾದದ್ದು ನಿಜ. ಆದರೆ ಎಂಜಿನ್ ಸಮಯಕ್ಕೆ ಬಂದಿದ್ದರೂ ವಿಮಾನ ಸಿದ್ಧವಿರುತ್ತಿತ್ತಾ?

ಪೆಟರ್‌ಗೆ ಎಲ್ಲವೂ ಹೊಸದಾಗಿರಬೇಕು. ಗಾಳಿಯ ತಡೆ ಕಡಿಮೆ ಮಾಡಬೇಕು ಅಂತ ಎಂಜಿನ್ನಿನ ಸೈಲೆನ್ಸರ್ ಪೈಪನ್ನು ರೆಕ್ಕೆಯ ಒಳಗಿಂದ ತೆಗೆದ. ಬರೀ ರೆಕ್ಕೆಯ ಒಳಗಲ್ಲ, ಪೆಟ್ರೋಲ್ ಟ್ಯಾಂಕ್ ಒಳಗಿಂದ! ಕೆಂಡದಂಥ ಕೊಳವೆ, ಸುತ್ತ ಪೆಟ್ರೋಲ್. ನಮ್ಮೂರ ಗ್ಯಾರೇಜ್ ಹುಡುಗ ಕೂಡ ಬೇಡ ಸಾರ್ ಅಂತಾನೆ. ಒಂದು ದಿನ ಹಾರಾಟದಲ್ಲಿ ಆ ಪೈಪ್ ಒಡೆದು, ಅದರ ಬೆಂಕಿ ಐಲೆರಾನ್ (ವಿಮಾನವನ್ನು ಓರೆ ಮಾಡುವ ರೆಕ್ಕೆಯ ಹಲಗೆ) ಸರಳನ್ನೇ ಸುಟ್ಟಿತು. ಪೆನ್‌ರೋಸ್ ಹೇಗೋ ಇಳಿಸಿ ಜೀವ ಉಳಿಸಿಕೊಂಡರು. ಆಮೇಲೆ ಎಲ್ಲರ ಹಾಗೆ ಹೊರಗೆ ಪೈಪ್ ಹಾಕಿದರು. ಹೀಗೆ ಹೋದ ತಿಂಗಳುಗಳನ್ನು ಯಾರ ಲೆಕ್ಕಕ್ಕೆ ಬರೆಯೋಣ?

ರೆಕ್ಕೆಯ ಹಿಂದೆ ದೊಡ್ಡ ಫೌಲರ್ ಫ್ಲಾಪ್, ಅಂದರೆ ಇಳಿಯುವಾಗ ಹಿಂದಕ್ಕೆ, ಕೆಳಕ್ಕೆ ಚಾಚುವ ಹಲಗೆ. ಅದು ಎಬ್ಬಿಸುವ ಗಾಳಿ ಬಾಲಕ್ಕೆ ಬಡಿಯದಿರಲಿ ಅಂತ ಅಡ್ಡ ಬಾಲವನ್ನು ಮೇಲಕ್ಕೆ ಏರಿಸಬೇಕಾಯಿತು. ರೆಕ್ಕೆಯ ಮುಂಚೂಣಿಯಲ್ಲಿ ತಾನೇ ತೆರೆದುಕೊಳ್ಳುವ ಸ್ಲಾಟ್. ಅದು ತೊಂದರೆ ಕೊಟ್ಟು ಕೊನೆಗೆ ಮುಚ್ಚಿ ಬಿಗಿದೇ ಬಿಟ್ಟರು. ಎಂಜಿನ್ ಥ್ರಾಟಲ್‌ಗೆ ತಂತಿ, ಸರಳು ಬಿಟ್ಟು ಹೈಡ್ರಾಲಿಕ್. ಅದರಲ್ಲೂ ತಕರಾರು.

ಎಲ್ಲಕ್ಕಿಂತ ನನಗೆ ಸಿಟ್ಟು ಬರುವುದು ಟ್ಯಾಂಕ್ ವಿಷಯಕ್ಕೆ (ಹೆಸರಿಗೆ ತಕ್ಕ ಹಾಗೆ!). ಒಟ್ಟು 134 ಗ್ಯಾಲನ್, ಅಂದರೆ 600 ಲೀಟರ್ ಚಿಲ್ಲರೆ. ಎಡ ಟ್ಯಾಂಕಿನ ಪೆಟ್ರೋಲ್ ಎಡ ಎಂಜಿನ್‌ಗೆ, ಬಲದ್ದು ಬಲಕ್ಕೆ. ನಡುವೆ ಪೈಪ್ ಇಲ್ಲ. ಒಂದು ಎಂಜಿನ್ ಕೆಟ್ಟರೆ ಆ ಕಡೆಯ ಪೆಟ್ರೋಲ್ ಸುಮ್ನೆ ಹೊತ್ತುಕೊಂಡು ಬರಬೇಕು. ಎರಡು ಎಂಜಿನ್ ಇರುವುದು ಒಂದು ಕೆಟ್ಟರೆ ಇನ್ನೊಂದರಲ್ಲಿ ಮನೆಗೆ ಬರಲಿ ಅಂತ ತಾನೆ?

ಗಾಳಿಗೋಪುರ

ಟ್ಯಾಂಕ್ ವಿಷಯ ಒಪ್ಪಿದೆ. ಪೈಪ್ ವಿಷಯವನ್ನೂ ಒಪ್ಪಿದೆ. ಆದರೆ ಒಂದು ಮಾತು. ಸೈಲೆನ್ಸರ್ ಅವಾಂತರ ಮೂಲ ಮಾದರಿಯಲ್ಲೇ ಮುಗಿಯಿತು. ಮಿಕ್ಕ ಕಾಯಿಲೆಗಳೂ ಹೊಸ ವಿಮಾನಕ್ಕೆ ಬರುವಂಥವೇ. ಸ್ಪಿಟ್‌ಫೈರ್‌ಗೂ ಬಾಲಗ್ರಹ ಇತ್ತು. 1936ರ ಮಾರ್ಚ್‌ನಲ್ಲಿ ಮೊದಲು ಹಾರಿದ್ದು ಸ್ಕ್ವಾಡ್ರನ್‌ಗೆ ಬಂದದ್ದು 1938ರ ಆಗಸ್ಟ್‌ನಲ್ಲಿ. ಎರಡು ವರ್ಷ ಐದು ತಿಂಗಳು. ವರ್ಲ್‌ವಿಂಡ್ ಮೊದಲ ಹಾರಾಟದಿಂದ ಸ್ಕ್ವಾಡ್ರನ್‌ಗೆ ಬರಲು ತೆಗೆದುಕೊಂಡದ್ದು ಎರಡು ವರ್ಷಕ್ಕೂ ಕಡಿಮೆ! ಅಂದರೆ ಕ್ಯಾಲೆಂಡರ್ ಪ್ರಕಾರ ಇದೇನೂ ಭಾರಿ ತಡವಲ್ಲ. ಬಂದ ಮೇಲೂ ಹನಿ ಹನಿಯಾಗಿ ಬಂದದ್ದೇ ಸಮಸ್ಯೆ. ಅಕ್ಟೋಬರ್ ಕಳೆಯುವಾಗಲೂ 263ರ ಹತ್ತಿರ ಬೆರಳೆಣಿಕೆಯಷ್ಟು ವಿಮಾನ. ಅಲ್ಲಿಯವರೆಗೆ ಆ ಹುಡುಗರು ಹರಿಕೇನ್ ಹಾರಿಸಿಕೊಂಡು ಕಾಯುತ್ತಿದ್ದರು.

ಆ ಸ್ಕ್ವಾಡ್ರನ್ ಕಥೆ ಬೇರೆ ಕರುಳು ಹಿಂಡುತ್ತದೆ. 1940ರ ಬೇಸಿಗೆಯಲ್ಲಿ ನಾರ್ವೆಯಲ್ಲಿ ಹಳೆ ಗ್ಲಾಡಿಯೇಟರ್ ವಿಮಾನಗಳಲ್ಲಿ ಹೋರಾಡಿ, ವಾಪಸ್ ಬರಲು ಗ್ಲೋರಿಯಸ್ ಹಡಗು ಹತ್ತಿದರು. ಜೂನ್ 8ರಂದು ಜರ್ಮನ್ ಯುದ್ಧನೌಕೆಗಳು ಆ ಹಡಗನ್ನೇ ಮುಳುಗಿಸಿದವು. ಪೈಲಟ್‌ಗಳು ಹಡಗಿನ ಜೊತೆ ಹೋದರು. ಹೊಸ ಹುಡುಗರನ್ನು ಸೇರಿಸಿ ಮತ್ತೆ ಕಟ್ಟಿದ ಸ್ಕ್ವಾಡ್ರನ್‌ಗೆ ಕೊಟ್ಟದ್ದು ಹೊಸ ವಿಮಾನ, ಹೊಸ ಎಂಜಿನ್, ಹೊಸ ಗನ್.

ಇಂಧನಟ್ಯಾಂಕ್

ಸ್ಪಿಟ್‌ಫೈರ್ ತಡವಾದದ್ದು ಶಾಂತಿ ಕಾಲದಲ್ಲಿ ಸ್ವಾಮಿ. ಯುದ್ಧ ತಲೆ ಮೇಲೆ ಬಂದಾಗ ಹೇಗೆ ಮಾಡಬೇಕು ಅನ್ನೋದಕ್ಕೆ ಬೋಫೈಟರ್ ನೋಡಿ. ಬ್ರಿಸ್ಟಲ್ ಕಂಪನಿಯವರು ತಮ್ಮದೇ ಬೋಫೋರ್ಟ್ ಬಾಂಬರ್‌ನ ರೆಕ್ಕೆ, ಬಾಲ, ಚಕ್ರ ಎಲ್ಲ ತೆಗೆದುಕೊಂಡು ಹೊಸ ಮೈ ಅಂಟಿಸಿದರು. ಅದೂ ಎರಡು ಎಂಜಿನ್, ಅದೂ ನಾಲ್ಕು ಕ್ಯಾನನ್. 1939ರ ಜುಲೈ 17ಕ್ಕೆ ಮೊದಲ ಹಾರಾಟ. 1940ರ ಸೆಪ್ಟೆಂಬರ್ ಹೊತ್ತಿಗೆ ಸ್ಕ್ವಾಡ್ರನ್‌ಗಳಲ್ಲಿತ್ತು. ಒಂದು ವರ್ಷ ಚಿಲ್ಲರೆ! ವರ್ಲ್‌ವಿಂಡ್‌ಗಿಂತ ಒಂಬತ್ತು ತಿಂಗಳು ಆಮೇಲೆ ಹುಟ್ಟಿ ಅದರ ಜೊತೆಗೇ ಶಾಲೆಗೆ ಸೇರಿತು. ನೋಡಲು ಎಮ್ಮೆ ಥರ ಇದೆ, ಒಪ್ಪುತ್ತೇನೆ. ಆದರೆ ಎಮ್ಮೆ ಹಾಲು ಕೊಟ್ಟಿತು. ಕೆಟ್ಟ ಮೇಲೆ ಹೇಳುತ್ತಿಲ್ಲ. 25ನೇ ಸ್ಕ್ವಾಡ್ರನ್‌ನವರು 1940ರಲ್ಲೇ ವರ್ಲ್‌ವಿಂಡ್ ಪರೀಕ್ಷೆ ಮಾಡಿ, ಕೊನೆಗೆ ರಾತ್ರಿ ಕೆಲಸಕ್ಕೆ ಬೋಫೈಟರನ್ನೇ ತೆಗೆದುಕೊಂಡರು. ರೇಡಾರ್ ಇಡಲು, ಅದನ್ನು ನೋಡುವ ಎರಡನೆಯವನನ್ನು ಕೂರಿಸಲು ಜಾಗ ಬೇಕಲ್ಲ.

ಮಲೆನಾಡ ಹಕ್ಕಿ

ಹಾಗಾದರೆ ಮರ್ಲಿನ್ ಎಂಜಿನನ್ನೇ ಇದಕ್ಕೂ ಹಾಕಬಹುದಿತ್ತಲ್ಲ? ಎರಡು ಮರ್ಲಿನ್, ನಾಲ್ಕು ಗನ್. ಎಲ್ಲ ಸರಿಹೋಗುತ್ತಿತ್ತು.

ಗಾಳಿಗೋಪುರ

ಈ ಪ್ರಶ್ನೆ ಕೇಳದವರಿಲ್ಲ ಮೇಡಂ. ಪೆಟರ್ ಕೂಡ ಆಮೇಲೆ ಆ ಮಾತು ಎತ್ತಿದ್ದ. ಹೇಳಲು ಸುಲಭ. ಒಂದು ಮರ್ಲಿನ್ ಪೆರಿಗ್ರಿನ್‌ಗಿಂತ ನೂರು ಕೆಜಿಯಷ್ಟು ಜಾಸ್ತಿ ತೂಗುತ್ತದೆ. ಎರಡಕ್ಕೆ ಇನ್ನೂರು. ಅದನ್ನು ತಣಿಸಲು ದೊಡ್ಡ ರೇಡಿಯೇಟರ್ ಬೇಕು, ಅದು ಕೂತಿರುವುದು ರೆಕ್ಕೆಯ ಒಳಗೆ. ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಟ್ಯಾಂಕ್ ಮೊದಲೇ ಸಣ್ಣದು. ಚಕ್ರದ ಕಾಲು ಗಟ್ಟಿ ಮಾಡಬೇಕು. ಕೊನೆಗೆ ಹಳೆ ಮನೆಯ ಒಂದು ಕಿಟಕಿ ಬದಲಿಸಲು ಹೋಗಿ ಇಡೀ ಗೋಡೆ ಕಟ್ಟಿದ ಹಾಗೆ.

ಮತ್ತೆ ಸೀದಾ ಲೆಕ್ಕ. ಎರಡು ಮರ್ಲಿನ್‌ಗೆ ಒಂದು ವರ್ಲ್‌ವಿಂಡ್, ಇಲ್ಲವೇ ಎರಡು ಸ್ಪಿಟ್‌ಫೈರ್. 1940ರಲ್ಲಿ ನೀವು ಫೈಟರ್ ಕಮಾಂಡ್ ಮುಖ್ಯಸ್ಥ ಡೌಡಿಂಗ್ ಕುರ್ಚಿಯಲ್ಲಿದ್ದರೆ ಯಾವುದು ಕೇಳುತ್ತೀರಿ? ಡೌಡಿಂಗ್ ಇದನ್ನು ದಕ್ಷಿಣಕ್ಕೆ ಕರೆಸಲೇ ಇಲ್ಲ. ಅರ್ಧ ಬೆಂದ ವಿಮಾನವನ್ನು ಆ ಬೆಂಕಿಗೆ ತಳ್ಳುವುದು ಬೇಡ ಅಂದದ್ದು ಸರಿಯೇ ಅನ್ನಿಸುತ್ತದೆ.

ಚಂದ್ರು ಚಿಕ್ಕಬಾಣಾವರ

ಸರಿ, ಬಂದ ಮೇಲಾದರೂ ಏನಾದರೂ ಕಡಿದು ಕಟ್ಟೆ ಹಾಕಿತಾ?

ಗಾಳಿಗೋಪುರ

ಮೊದಲ ಬೇಟೆ 1941ರ ಫೆಬ್ರವರಿ 8. ಜರ್ಮನರ ಒಂದು ಅರಾಡೋ ಸಮುದ್ರ ವಿಮಾನ. ಅದನ್ನು ಬೀಳಿಸಿದ ವರ್ಲ್‌ವಿಂಡ್ ಕೂಡ ಹಿಂದಿರುಗಲಿಲ್ಲ, ಪೈಲಟ್ ಕೂಡ.

ಆದರೆ ಆ ಹೊತ್ತಿಗೆ ಒಂದು ವಿಚಿತ್ರ ನಡೆದಿತ್ತು. ಈ ವಿಮಾನ ಹುಟ್ಟಿದ್ದೇ ಯಾತಕ್ಕೆ? ಒಂದು ಎಂಜಿನ್ ನಾಲ್ಕು ಕ್ಯಾನನ್ ಹೊರಲಾರದು ಅಂತ. 1940ರ ಬೇಸಿಗೆಯಲ್ಲಿ 19ನೇ ಸ್ಕ್ವಾಡ್ರನ್ ಕ್ಯಾನನ್ ಇರುವ ಸ್ಪಿಟ್‌ಫೈರ್ ಹಾರಿಸಿತು, ಗನ್ ಜಾಮ್ ಆಗಿ ಆಗಿ ಬೇಸತ್ತು ವಾಪಸ್ ಮೆಷಿನ್ ಗನ್ ಕೇಳಿತು. ಆ ತಿಂಗಳುಗಳಲ್ಲಿ ವರ್ಲ್‌ವಿಂಡ್ ನೂರು ಇದ್ದಿದ್ದರೆ ಅಂತ ಮನಸ್ಸು ಈಗಲೂ ಕೇಳುತ್ತದೆ. ಆದರೆ 1941ರಲ್ಲಿ ಜಾಮ್ ಸರಿಯಾಯಿತು. ಸ್ಪಿಟ್‌ಫೈರ್‌ಗೆ ಎರಡು ಕ್ಯಾನನ್, ಹರಿಕೇನ್‌ಗೆ ನಾಲ್ಕು. ಒಂದೇ ಎಂಜಿನ್ ಹೊತ್ತುಕೊಂಡು ಹೋಯಿತು! ಅಲ್ಲಿಗೆ ವರ್ಲ್‌ವಿಂಡ್‌ನ ಕೆಲಸವೇ ಬೇರೆಯವರ ಪಾಲಾಯಿತು. ಎತ್ತರಕ್ಕೆ ಹೋದರೆ ಪೆರಿಗ್ರಿನ್‌ಗೆ ಉಸಿರು ಕಟ್ಟುತ್ತಿತ್ತು. 15,000 ಅಡಿಯಲ್ಲಿ ಗಂಟೆಗೆ 580 ಕಿಮೀ ಹೋಗುವ ವಿಮಾನ ಅದರ ಮೇಲೆ ಸೋಲುತ್ತಿತ್ತು, ಕಾಳಗ ನಡೆಯುತ್ತಿದ್ದದ್ದು ಇನ್ನೂ ಮೇಲೆ.

ಆದರೆ ಕೆಳಗೆ ಅದು ಹುಲಿ. ಸಮುದ್ರದ ಮೇಲೆ ಅಲೆ ತಾಗುವಷ್ಟು ತಗ್ಗಿನಲ್ಲಿ ಹೋಗಿ ಹಡಗು, ರೈಲು, ವಿಮಾನ ನಿಲ್ದಾಣಗಳಿಗೆ ಹೊಡೆಯುತ್ತಿತ್ತು. 1942ರಲ್ಲಿ ರೆಕ್ಕೆಗೆ ಎರಡು ಬಾಂಬ್ ಕಟ್ಟಿದರು. ಪೈಲಟ್‌ಗಳಿಗೆ ಅದು ಇಷ್ಟವಾಗಿತ್ತು. ಮುಂದೆ ಎಲ್ಲ ಚೆನ್ನಾಗಿ ಕಾಣುತ್ತದೆ, ಎಷ್ಟೋ ಸಲ ಒಂದೇ ಎಂಜಿನ್‌ನಲ್ಲಿ ಮನೆ ಸೇರಿಸಿದೆ. 1941ರ ಆಗಸ್ಟ್ 12ರಂದು ಕೊಲೋನ್ ಹತ್ತಿರದ ವಿದ್ಯುತ್ ಕೇಂದ್ರಗಳ ಮೇಲೆ 54 ಬ್ಲೆನ್‌ಹೈಮ್‌ಗಳು ಹಗಲಲ್ಲೇ ಹೋದಾಗ ದಾರಿಯ ಒಂದು ಭಾಗಕ್ಕೆ ಕಾವಲು ಹೋದದ್ದು 263. ಪೂರ್ತಿ ದಾರಿಗೆ ಪೆಟ್ರೋಲ್ ಸಾಲದು, ಇಂಧನಟ್ಯಾಂಕ್ ಅವರು ನಗಬಹುದು.

ಎರಡನೆಯ ಸ್ಕ್ವಾಡ್ರನ್ 137. 1942ರ ಫೆಬ್ರವರಿ 12ರಂದು ಜರ್ಮನ್ ಯುದ್ಧನೌಕೆಗಳು ಇಂಗ್ಲಿಷ್ ಕಾಲುವೆಯಲ್ಲೇ ನುಗ್ಗಿ ಹೋದಾಗ ಅದರ ನಾಲ್ಕು ವಿಮಾನ ನಾಶವಾದವು. ಆಮೇಲೆ 1943ರಲ್ಲಿ 137ಕ್ಕೆ ಹರಿಕೇನ್, ವರ್ಷದ ಕೊನೆಗೆ 263ಕ್ಕೆ ಟೈಫೂನ್ ಬಂತು. ಎರಡೇ ಸ್ಕ್ವಾಡ್ರನ್, ಅಷ್ಟೇ.

ನಿವೃತ್ತ ಫಿಟ್ಟರ್

ತಮ್ಮಂದಿರೇ, ಎಲ್ಲ ಓದಿದೆ. ಪೆಟರ್ ಹೆಸರು ನೋಡಿ ಬರೆಯಬೇಕು ಅನ್ನಿಸಿತು. ನಾನು ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಎಚ್‌ಎಎಲ್‌ಗೆ ಟ್ರೇನಿಯಾಗಿ ಸೇರಿದಾಗ ಕೈಯಿಟ್ಟ ಮೊದಲ ವಿಮಾನ ನ್ಯಾಟ್. ಅದನ್ನು ವಿನ್ಯಾಸ ಮಾಡಿದ್ದು ಇದೇ ಪೆಟರ್. ವೆಸ್ಟ್‌ಲ್ಯಾಂಡ್ ಬಿಟ್ಟು ಇಂಗ್ಲಿಷ್ ಎಲೆಕ್ಟ್ರಿಕ್‌ಗೆ ಹೋಗಿ ಕ್ಯಾನ್‌ಬೆರಾ ಬಾಂಬರ್ ಮಾಡಿದರು. ಅದೂ ನಮ್ಮ ವಾಯುಪಡೆಯಲ್ಲಿ ದಶಕಗಳ ಕಾಲ ಇತ್ತು. ಅಲ್ಲಿಂದ ಫೋಲಂಡ್ ಕಂಪನಿಗೆ ಹೋಗಿ ನ್ಯಾಟ್. ವರ್ಲ್‌ವಿಂಡ್‌ಗೂ ಮೊದಲು ವೆಸ್ಟ್‌ಲ್ಯಾಂಡ್‌ನಲ್ಲಿ ಮಾಡಿದ್ದು ಲೈಸಾಂಡರ್ ವಿಮಾನ. 1942ರಲ್ಲಿ ಬರ್ಮಾದಲ್ಲಿ ಮಜುಂದಾರ್ ಅವರ, ನಮ್ಮ ವಾಯುಪಡೆಯ ನಂಬರ್ 1 ಸ್ಕ್ವಾಡ್ರನ್ ಹಾರಿಸಿದ್ದು ಅದನ್ನೇ.

ನ್ಯಾಟ್ ನೋಡಿದವರಿಗೆ ಗೊತ್ತು. ರೆಕ್ಕೆಯ ತುದಿಯಿಂದ ತುದಿಗೆ ಏಳು ಮೀಟರ್ ಕೂಡ ಇಲ್ಲ. ಒಂದೇ ಎಂಜಿನ್, ಆರ್ಫಿಯಸ್. ಪುಟ್ಟ ಏಣಿ ಸಾಕು ಹತ್ತಲು. ನಮ್ಮ ದಪ್ಪ ಕೈಗಳು ಒಳಗೆ ಹೋಗುತ್ತಿರಲಿಲ್ಲ. ತೆಳ್ಳಗಿನ ಹುಡುಗರನ್ನು ಕರೆಯುತ್ತಿದ್ದೆವು. ದೊಡ್ಡ ದೊಡ್ಡ ಫೈಟರ್ ಬೇಡ, ಸಣ್ಣದು ಅಗ್ಗದ್ದು ಸಾಕು ಅನ್ನೋದು ಆಗ ಪೆಟರ್ ಹಟ. ವರ್ಲ್‌ವಿಂಡ್ ಕಾಲದಲ್ಲಿ ಇರುವ ಹೊಸ ಉಪಾಯವನ್ನೆಲ್ಲ ತುರುಕಿದ ಮನುಷ್ಯ ಹೀಗೆ ಬದಲಾದದ್ದು ನನಗೆ ಈಗಲೂ ಸೋಜಿಗ. ಆದರೂ ಹಳೆ ಬುದ್ಧಿ ಪೂರ್ತಿ ಹೋಗಲಿಲ್ಲ. ನ್ಯಾಟ್‌ಗೂ ಬಾಲದ ಕಂಟ್ರೋಲ್, ಹೈಡ್ರಾಲಿಕ್, ಗನ್ ಜಾಮ್ ಅಂತ ಶುರುವಿನಲ್ಲಿ ತಕರಾರು ಇತ್ತು. 1965ರಲ್ಲಿ, 1971ರಲ್ಲಿ ಪಾಕಿಸ್ತಾನದ ಸೇಬರ್ ಫೈಟರ್‌ಗಳ ಎದುರು ನಿಂತದ್ದು ಆ ಮೇಲಿನ ಮಾತು. ಶ್ರೀನಗರದಲ್ಲಿ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಅವರು ಹಾರಿಸಿದ್ದು ನ್ಯಾಟೇ.

ಆ ಪೆಟರ್ ಮಹಾಶಯರು ಕೊನೆಗೆ ವಿಮಾನದ ಸಹವಾಸವನ್ನೇ ಬಿಟ್ಟು, ಸ್ವಿಟ್ಜರ್ಲೆಂಡ್‌ನಲ್ಲಿ ಒಂದು ಧಾರ್ಮಿಕ ಸಮುದಾಯ ಸೇರಿದರು.

ಇಂಧನಟ್ಯಾಂಕ್

ಸರ್, ನಮಸ್ಕಾರ. ನೀವು ಹೇಳಿದ ಮೇಲೆ ಬೈಯಲು ಬಾಯಿ ಬರುತ್ತಿಲ್ಲ. ಟ್ಯಾಂಕ್ ವಿಷಯ ಬಿಟ್ಟು.

ಗಾಳಿಗೋಪುರ

ಫಿಟ್ಟರ್ ಸರ್, ಆರ್ಫಿಯಸ್ ಅಂದಾಗ ನಿಮ್ಮ ಎಚ್‌ಎಎಲ್‌ನದೇ ಮಾರುತ್ ಫೈಟರ್ ನೆನಪಾಯಿತು. ಹೆಸರು ನೋಡಿ. ಅದು ಸುಂಟರಗಾಳಿ, ಇದು ಮಾರುತ. ಎರಡೂ ಗಾಳಿ, ಎರಡಕ್ಕೂ ಎರಡೆರಡು ಎಂಜಿನ್, ಎರಡೂ ಎಂಜಿನ್‌ನಿಂದಲೇ ಕೆಟ್ಟವು. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಅದನ್ನು ವಿನ್ಯಾಸ ಮಾಡುವಾಗ ನಂಬಿದ್ದು ಆಫ್ಟರ್‌ಬರ್ನರ್ (ಹೆಚ್ಚು ಬಲಕ್ಕೆ ಹಿಂದುಗಡೆ ಮತ್ತೆ ಇಂಧನ ಸುಡುವ ಸಾಧನ) ಇರುವ ಆರ್ಫಿಯಸ್ 12. ಬ್ರಿಟನ್ ಅದನ್ನು ಅರ್ಧಕ್ಕೆ ಬಿಟ್ಟಿತು, ಪೂರ್ತಿ ಮಾಡಿಸಲು ನಾವು ಹಣ ಹಾಕಲಿಲ್ಲ. ಕೊನೆಗೆ ಸಾದಾ ಆರ್ಫಿಯಸ್ 703 ಹಾಕಿಕೊಂಡು 1961ರ ಜೂನ್ 17ಕ್ಕೆ ಹಾರಿತು. ಸ್ಕ್ವಾಡ್ರನ್‌ಗೆ ಬರುವ ಹೊತ್ತಿಗೆ 1967. ಮೈ ಶಬ್ದದ ವೇಗದ ಎರಡು ಪಟ್ಟು ಹೋಗಲು ಮಾಡಿದ್ದು, ಎಂಜಿನ್ ಒಂದು ಪಟ್ಟಿಗೇ ಏದುಸಿರು ಬಿಟ್ಟಿತು. ಆದರೂ 1971ರಲ್ಲಿ ರಾಜಸ್ಥಾನದ ಕಡೆ ತಗ್ಗಿನಲ್ಲಿ ಹಾರಿ ಹೊಡೆದು, ಒಂದೇ ಎಂಜಿನ್‌ನಲ್ಲಿ ಮನೆಗೆ ಬಂದದ್ದಿದೆ.

ನಿವೃತ್ತ ಫಿಟ್ಟರ್

ಅದರ ಬಗ್ಗೆ ಬೇರೆ ಎಳೆ ಮಾಡಿ. ಬರೆಯಲು ಶುರು ಮಾಡಿದರೆ ನನಗೆ ರಾತ್ರಿ ನಿದ್ದೆ ಬರಲ್ಲ.

ಮಲೆನಾಡ ಹಕ್ಕಿ

ವರ್ಲ್‌ವಿಂಡ್ ಎಲ್ಲಾದರೂ ನೋಡಲು ಸಿಗುತ್ತದಾ? ಇಷ್ಟೆಲ್ಲ ಓದಿದ ಮೇಲೆ ಆ ಸಣಕಲು ಮೈ ಒಮ್ಮೆ ನೋಡಬೇಕು ಅನ್ನಿಸುತ್ತಿದೆ.

ಗಾಳಿಗೋಪುರ

ಒಂದೂ ಉಳಿದಿಲ್ಲ ಮೇಡಂ. ಕೊನೆಯದನ್ನು ವೆಸ್ಟ್‌ಲ್ಯಾಂಡ್‌ನವರು ಯುದ್ಧ ಮುಗಿದ ಮೇಲೂ ಇಟ್ಟುಕೊಂಡಿದ್ದರು, 1947ರಲ್ಲಿ ಅದನ್ನೂ ಗುಜರಿಗೆ ಹಾಕಿದರು. ಇಂಗ್ಲೆಂಡ್‌ನಲ್ಲಿ ಕೆಲವು ಹವ್ಯಾಸಿಗಳು ಸೇರಿ ಪೂರ್ಣ ಗಾತ್ರದ್ದೊಂದನ್ನು ಹೊಸದಾಗಿ ಕಟ್ಟುತ್ತಿದ್ದಾರೆ. ಹೆಸರನ್ನು ಮಾತ್ರ ವೆಸ್ಟ್‌ಲ್ಯಾಂಡ್ ಆಮೇಲೆ ಒಂದು ಹೆಲಿಕಾಪ್ಟರ್‌ಗೆ ಇಟ್ಟಿತು.

ಪಂಪ್‌ಸೆಟ್ ಪಾಟೀಲ

ಒಂದು ಅನುಮಾನ. ನಮ್ಮ ಕಡೆ ನೀರೆತ್ತುವ ಹಳೆ ಡೀಸೆಲ್ ಎಂಜಿನ್‌ಗೆ ಪೀಟರ್ ಎಂಜಿನ್ ಅಂತಾರೆ. ಅದಕ್ಕೂ ಈ ಪೆಟರ್‌ಗೂ ಏನಾದರೂ ಸಂಬಂಧ ಇದೆಯಾ, ಅಥವಾ ಸುಮ್ನೆ ಹೆಸರು ಒಂದೇನಾ?

ಗಾಳಿಗೋಪುರ

ಪಾಟೀಲರೇ, ಭಲೇ! ಒಂದೇ ಮನೆತನ. ಯೋವಿಲ್‌ನಲ್ಲಿ ಎಂಜಿನ್ ಮಾಡುತ್ತಿದ್ದ ಪೆಟರ್ಸ್ ಕಂಪನಿ ಟೆಡ್ಡಿಯ ಅಪ್ಪ ಅರ್ನೆಸ್ಟ್ ಮತ್ತು ದೊಡ್ಡಪ್ಪ ಚಿಕ್ಕಪ್ಪಂದಿರ ಕಡೆಯದು. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಅದೇ ಕಂಪನಿಯವರು ವಿಮಾನ ಕಟ್ಟಲು ತೆರೆದ ಕಾರ್ಖಾನೆಯೇ ವೆಸ್ಟ್‌ಲ್ಯಾಂಡ್. ನಿಮ್ಮ ಕಡೆಯ ಎಂಜಿನ್ ಅವರ ಮಾದರಿಯನ್ನೇ ನೋಡಿ ಇಲ್ಲಿ ಮಾಡಿದ್ದಿರಬಹುದು.

ಪಂಪ್‌ಸೆಟ್ ಪಾಟೀಲ

ಪಕ್ಕದ ಹೊಲದವನ ಎಂಜಿನ್ ಅಂದೆನಲ್ಲ, ಸಾಮಾನು ಎಲ್ಲಾ ಕಡೆ ಸಿಗುತ್ತಿದ್ದದ್ದು, ಅದು ಪೀಟರೇ! ಈಗ ಕೆಲಸ ಮಾಡಲ್ಲ, ದನದ ಕೊಟ್ಟಿಗೆ ಹಿಂದೆ ಬಿದ್ದಿದೆ. ನಾಳೆ ಹೋಗಿ ತಗಡಿನ ಮೇಲಿನ ಅಕ್ಷರ ಉಜ್ಜಿ ನೋಡುತ್ತೇನೆ. ಕಂಡರೆ ಫೋಟೋ ಹಾಕುತ್ತೇನೆ.